ಕೋಡು ಅತ್ತಿಯದು, ನೀರು ಅವರದು

ಮೊನ್ನೆ ಗೋಗಿಯಿಂದ ಶಹಾಪುರಕ್ಕೆ ಬರುವ ಆಟೋದಲ್ಲಿ, ಪಕ್ಕ ಕೂತ ಕುರಿಗಾಹಿಯ ಕಂಬಳಿಯಿಂದ ಜಿಂಕೆಯ ಕೋಡೊಂದು ಇಣುಕುತ್ತಿತ್ತು. ಗುಡ್ಡದಲ್ಲಿ ಬಿದ್ದಿತ್ತಂತೆ. ಎಲ್ಲರೂ ಬಗ್ಗಿ ಬಗ್ಗಿ ನೋಡಿದರು, ನಾನೊಬ್ಬಳು ಮುಖ ಆಚೆ ತಿರುಗಿಸಿದೆ. ಕೋಡು ಕಂಡರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ…

ನಾನಾಗ ಶಾಲೆಗೆ ಹೋಗುವ ಹುಡುಗಿ. ಊರ ಹೊರಗಿನ ನಮ್ಮ ಓಣಿಯಲ್ಲಿ, ಗೋಡೆಗೆ ಗೋಡೆ ಹಚ್ಚಿದ ಮನೆಯಾಕೆಯನ್ನು ಅತ್ತಿ ಎನ್ನುತ್ತಿದ್ದೆ. ಕೂಲಿ ಮಾಡಿ ಬದುಕುತ್ತಿದ್ದ ಒಂಟಿ ಹೆಂಗಸು. ಶಿವರಾತ್ರಿ ಹತ್ತಿರವಿತ್ತು, ಚಳಿ ಇನ್ನೂ ಶಿವಶಿವಾ ಎಂದು ಓಡಿರಲಿಲ್ಲ. ಕಟ್ಟಿಗೆಗೆಂದು ಅತ್ತಿಯ ಬೆನ್ನು ಹತ್ತಿ ಗುಡ್ಡಕ್ಕೆ ಹೋಗಿದ್ದೆ. ಮುಳ್ಳುಗಿಡದ ಬುಡದಲ್ಲಿ ಕೋಡು ಬಿದ್ದಿತ್ತು. ಜಿಂಕೆಯನ್ನು ಯಾರೋ ಕೊಂದರೆಂದು ನಾನು ಅಳತೊಡಗಿದೆ.

“ಸತ್ತಿಲ್ಲ ಬಿಡ, ಹುಚ್ಚಿ! ಹಳೇದು ಕೆಡವಿ ಹೋಗ್ಯಾದ. ಮತ್ತ ಹೊಸಾದು ಬರ್ತಾದ,” ಎಂದು ಅತ್ತಿ ನಕ್ಕು, ಕೋಡನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಮಕ್ಕಳ ಗದ್ದ ಬಾತರೆ ಜಿಂಕೆಕೋಡು ತೇಯ್ದು ಹಚ್ಚುವುದು ನಮ್ಮೂರ ರೂಢಿ. ಅತ್ತಿಯ ಬಳಿ ಕೋಡಿದೆ ಎಂಬ ಸುದ್ದಿ ಮೇಲಿನ ಓಣಿಗೂ ಮುಟ್ಟಿತು. ಎಂದೂ ನಮ್ಮ ಕಡೆ ಕಾಲಿಡದವರು ಮಕ್ಕಳನ್ನು ಎತ್ತಿಕೊಂಡು ಬರತೊಡಗಿದರು, ಜೊತೆಗೆ ತಮ್ಮ ಮನೆಯ ಒಂದು ತಂಬಿಗೆ ನೀರು. ಕೋಡು ಅತ್ತಿಯದಾದರೆ ನಡೆಯುತ್ತಿತ್ತು, ಕಲ್ಲು ನಡೆಯುತ್ತಿತ್ತು, ತೇಯುವ ಕೈಯೂ ನಡೆಯುತ್ತಿತ್ತು. ನೀರು ಮಾತ್ರ ನಡೆಯುತ್ತಿರಲಿಲ್ಲ. ಎಂಥಾ ಮಡಿಯಪ್ಪಾ ಅದು! ಅತ್ತಿ ತಕರಾರಿಲ್ಲದೆ ಅವರ ನೀರಿನಲ್ಲೇ ತೇಯ್ದು ಕೊಡುತ್ತಿದ್ದಳು, ನಾನು ಒಳಗೊಳಗೇ ಉರಿಯುತ್ತಿದ್ದೆ.

ಒಂದು ಮಧ್ಯಾಹ್ನ ನನ್ನ ಗೆಳತಿಯೇ, ಗದ್ದ ಬಾತು ಜ್ವರದಿಂದ ನರಳುವ ಪುಟ್ಟ ತಂಗಿಯನ್ನು ಕರೆತಂದಳು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳ ಕೈಯಲ್ಲೂ ತಂಬಿಗೆ! ಅವಸರದಲ್ಲಿ ಹೊಸ್ತಿಲು ಎಡವಿ ನೀರೆಲ್ಲ ಚೆಲ್ಲಿಬಿಟ್ಟಳು. ನಾನು ಅತ್ತಿಯ ಕೊಡದ ಕಡೆ ಹೊರಟೆ.

“ಬ್ಯಾಡ… ಮನಿಗಿ ಹೋಗಿ ತರ್ತೀನಿ,” ಎಂದಳು, ನನ್ನ ಮುಖ ನೋಡದೆ. ತಂಗಿಯನ್ನು ಅಲ್ಲೇ ಕೂರಿಸಿ ಓಡಿದಳು.

ಕೂಸಿಗೆ ಬಾಯಾರಿತ್ತು. “ನೀರು… ನೀರು…” ಎಂದು ಅತ್ತಿಯ ಸೀರೆ ಜಗ್ಗತೊಡಗಿತು. ಅತ್ತಿ ಅದರ ತಲೆ ಸವರಿದಳೇ ಹೊರತು ಏಳಲಿಲ್ಲ.

“ಕೊಟ್ರ ಮನ್ಯಾಗ ಕೂಸಿಗಿ ಬಡೀತಾರ. ಸುಮ್ನ ಕೂಡು,” ಎಂದಳು ನನಗೆ.

ನನಗೆ ತಡೆಯಲಾಗಲಿಲ್ಲ. “ನಿನಗ ನಾಚಿಕಿ ಬರಲ್ಲೇನ ಅತ್ತಿ?”

“ನನಗ್ಯಾಕ ಬರಬೇಕು? ನೀರ್ ಹೊತ್ಕೊಂಡು ಬರೋರಿಗಿ ಬರ್ಲಿ. ನಮ್ಮ ಕೊಡದಾಗಿನ ನೀರಿಗಿ ಏನಾಗ್ಯಾದ?”

ಅತ್ತಿ ಹೋಗಿ ಬಹಳ ವರ್ಷಗಳಾದವು. ಆ ಕೋಡು ಎಲ್ಲಿ ಹೋಯಿತೋ… ನಾನೀಗ ಶಹಾಪುರದಲ್ಲಿ ಟೀಚರು. ಬಂದವರ ಕೈಗೆ ಮೊದಲು ನೀರು ಕೊಟ್ಟು ಆಮೇಲೆ ಮಾತಾಡಿಸುವ ಸೀಮೆ ನಮ್ಮದು. ಜೊತೆಯ ಟೀಚರುಗಳು ಮನೆಗೆ ಬಂದರೆ ನಾನು ಅವರ ಮುಂದಿಡುವುದು ಅಂಗಡಿಯಿಂದ ತಂದ, ಮುಚ್ಚಳ ಒಡೆಯದ ನೀರಿನ ಬಾಟಲಿ. ನಮ್ಮ ಕೊಡದ ನೀರು ಬೇಡವೆಂದು ಅವರಲ್ಲಿ ಯಾರೂ ಅಂದಿಲ್ಲ. ಅನ್ನಲು ನಾನು ಬಿಟ್ಟರೆ ತಾನೆ! ಅತ್ತಿ ಇದ್ದಿದ್ದರೆ ಆಕೆಯೆದುರು ತಲೆ ಎತ್ತಲಾಗುತ್ತಿರಲಿಲ್ಲ.

ಮೊನ್ನೆಯೂ ಅಷ್ಟೆ. ಸಂಜೆ ಯಾರೋ ಬರುವವರಿದ್ದರು. ಆಟೋ ಇಳಿದವಳು ಅಂಗಡಿಗೆ ಹೋಗಿ, ನೀರು ಹೊತ್ತುಕೊಂಡು ಮನೆಗೆ ಬಂದೆ.