ಬೇಸಿಗೆಗೆ ಎರಡು ಬೆರಳು ಹುಲ್ಲು

ಹೋದ ತಿಂಗಳು ಯಾದಗಿರಿಯ ನಮ್ಮ ಮನೆಯ ಹಿಂದಿನ ಉದ್ಯಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಪೆಟ್ರೋಲಿನ ಯಂತ್ರ, ಕಿವಿ ತೂತಾಗುವಂಥ ಸದ್ದು. ಕಿಟಕಿ ಮುಚ್ಚಲೆಂದು ಎದ್ದವಳು ಮುಚ್ಚದೆ ನಿಂತುಬಿಟ್ಟೆ. ಸದ್ದಿನ ಹಿಂದೆಯೇ ವಾಸನೆ ಒಳಗೆ ಬಂದಿತ್ತು. ಆಗತಾನೆ ಕತ್ತರಿಸಿದ ಹುಲ್ಲಿನ ಹಸಿ ವಾಸನೆ, ಅದರೊಳಗೆ ಒಂದಿಷ್ಟು ಮಣ್ಣು, ಒಂದಿಷ್ಟು ಎಣ್ಣೆ... ಮೂವತ್ತೇಳೆಂಟು ವರ್ಷಗಳ ಹಿಂದೆ ಈ ವಾಸನೆಗಾಗಿ ನಾನು ಭಾನುವಾರವನ್ನು ಕಾಯುತ್ತಿದ್ದೆ.

ಆಗ ನನಗೆ ಇಪ್ಪತ್ತೆರಡು. ನೀರಾವರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅಪ್ಪ ನೌಕರಿಯಲ್ಲಿರುವಾಗಲೇ ತೀರಿಕೊಂಡರು. ಅನುಕಂಪದ ಮೇಲೆ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಅವ್ವನನ್ನೂ ಇಬ್ಬರು ತಂಗಿಯರನ್ನೂ ಸುರಪುರದಲ್ಲಿ ಬಿಟ್ಟು, ಒಂದು ಟ್ರಂಕು ಒಂದು ಸ್ಟೋವು ಹಿಡಿದುಕೊಂಡು ನಾರಾಯಣಪುರ ಅಣೆಕಟ್ಟಿನ ಕ್ವಾರ್ಟರ್ಸಿಗೆ ಬಂದಿಳಿದೆ. ಹುಣಸಗಿ ಕಡೆಯ ಹೊಲಗಳಿಗೆ ಆಗಿನ್ನೂ ಕಾಲುವೆ ನೀರು ಹೊಸದು. ಎಲ್ಲಿ ನೋಡಿದರೂ ಜೀಪು, ಸಿಮೆಂಟಿನ ಧೂಳು, ಬೇರೆ ಬೇರೆ ಊರಿನಿಂದ ಬಂದ ಜನ. ಅಷ್ಟು ಜನರ ನಡುವೆ ನನಗೆ ಮಾತಾಡಲು ಒಬ್ಬರೂ ಇರಲಿಲ್ಲ. ಗಂಡಸರ ಜೊತೆ ಮಾತಾಡಿದರೆ ಕ್ವಾರ್ಟರ್ಸಿನಲ್ಲಿ ಸುದ್ದಿ, ಒಂಟಿ ಹುಡುಗಿಯ ಜೊತೆ ಮಾತಾಡಲು ಹೆಂಗಸರಿಗೆ ಹಿಂಜರಿಕೆ. ಕಚೇರಿ ಇದ್ದ ದಿನ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಬೆಳಗಿನಿಂದ ಸಂಜೆಯವರೆಗೆ ನನ್ನ ಧ್ವನಿ ನನಗೇ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಸುಮ್ಮನೆ ನಡೆಯುತ್ತಾ ಪ್ರವಾಸಿ ಮಂದಿರದವರೆಗೆ ಹೋದೆ. ದೊಡ್ಡ ಸಾಹೇಬರು, ಮಂತ್ರಿಗಳು ಬಂದರೆ ಇಳಿಯುವ ಬಂಗಲೆ ಅದು. ಮುಂದೆ ಅಗಲವಾದ ಹುಲ್ಲಿನ ಅಂಗಳ. ಸುತ್ತಲೂ ಬರಿ ಕಲ್ಲು, ಕರಿಮಣ್ಣು ಇರುವ ಆ ಜಾಗದಲ್ಲಿ ಅಷ್ಟು ಹಸಿರು ನೋಡಿ ಕಣ್ಣಿಗೇ ನಂಬಿಕೆ ಬರಲಿಲ್ಲ. ವರಾಂಡದ ಮೇಲೆ ಅರವತ್ತರ ಹತ್ತಿರದ ಒಬ್ಬ ಮನುಷ್ಯ ಹುಲ್ಲು ಕತ್ತರಿಸುವ ಯಂತ್ರವನ್ನು ನಿಲ್ಲಿಸಿಕೊಂಡು, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಅದರ ಅಡಿಯಲ್ಲಿ ಬೆರಳು ತೂರಿಸುತ್ತಿದ್ದ.

"ಏನು ಹುಡುಕಾಕತ್ತೀರಿ?" ಎಂದೆ.

"ಎತ್ತರ ನೋಡಾಕತ್ತೇನ್ರಿ ಬಾಯೀರ" ಎಂದ, ತಲೆ ಎತ್ತದೆ.

ಬಂಗಲೆಯ ಮಾಲಿ ಅವನು. ಅಣೆಕಟ್ಟು ಕಟ್ಟುವಾಗ ಕಲ್ಲು ಹೊರಲು ಬಂದವನು ಇಲ್ಲೇ ಉಳಿದಿದ್ದ. ಎಲ್ಲರೂ "ಮಾಲಿ" ಎನ್ನುತ್ತಿದ್ದರು. ನಾನು ಎರಡನೆಯ ಭಾನುವಾರದಿಂದ "ಚಾಚಾ" ಎನ್ನತೊಡಗಿದೆ. ಅಂದಿನಿಂದ ನನ್ನ ಮನಸ್ಸಿನಲ್ಲಿ ಅವರಿಗೆ ಬಹುವಚನವೇ.

ಅವರ ಯಂತ್ರ ಕೈಯಿಂದ ತಳ್ಳುವಂಥದ್ದು. ಎರಡು ಕಬ್ಬಿಣದ ಗಾಲಿ, ನಡುವೆ ಗಿರ್ರನೆ ಸುತ್ತುವ ಬ್ಲೇಡುಗಳು, ಹಿಂದೆ ಒಂದು ಕಟ್ಟಿಗೆಯ ಉರುಳೆ. ಉರುಳೆಯ ಎರಡೂ ತುದಿಗೆ ಒಂದೊಂದು ನಟ್ಟು. ನಟ್ಟು ಸಡಿಲಿಸಿ ಉರುಳೆಯನ್ನು ಕೆಳಗೆ ತಂದರೆ ಬ್ಲೇಡು ಮೇಲೇಳುತ್ತದೆ, ಹುಲ್ಲು ಎತ್ತರವಾಗಿ ಉಳಿಯುತ್ತದೆ. ಉರುಳೆಯನ್ನು ಮೇಲಕ್ಕೆ ಸರಿಸಿದರೆ ಬ್ಲೇಡು ನೆಲಕ್ಕೆ ಹತ್ತಿರವಾಗುತ್ತದೆ. ಚಾಚಾ ಹತ್ತಿರ ಅಳತೆಪಟ್ಟಿ ಇರಲಿಲ್ಲ. ಯಂತ್ರವನ್ನು ವರಾಂಡದ ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಸಮನಾಗಿ ನಿಲ್ಲಿಸಿ, ಬ್ಲೇಡಿಗೂ ಕಲ್ಲಿಗೂ ನಡುವೆ ಬೆರಳು ಇಟ್ಟು ನೋಡುತ್ತಿದ್ದರು. ಮಳೆಗಾಲಕ್ಕೆ ಒಂದು ಬೆರಳು. ಬೇಸಿಗೆಗೆ ಎರಡು.

"ಬ್ಯಾಸಿಗ್ಯಾಗ ಯಾಕ ಹೆಚ್ಚಿಗಿ?" ಎಂದು ಕೇಳಿದೆ.

"ಹುಲ್ಲಿಗಿ ತನ್ನ ನೆರಳು ತನಗ ಬೇಕ್ರಿ. ತಲಿ ಬೋಳಿಸಿ ಬಿಸಲಾಗ ನಿಲ್ಲಿಸಿದ್ರ ನೀವು ನಿಲ್ತೀರೇನು?"

ಮೂರನೆಯದೋ ನಾಲ್ಕನೆಯದೋ ಭಾನುವಾರ ನಟ್ಟು ತಿರುಗಿಸುವ ಪಾನಾವನ್ನು ನನ್ನ ಕೈಗೆ ಕೊಟ್ಟರು. ನಾನು ಎಡಗಡೆಯ ನಟ್ಟನ್ನು ಸರಿಯಾಗಿ ಬಿಗಿ ಮಾಡಲಿಲ್ಲ. ಅವರು ನೋಡಿಯೂ ಸುಮ್ಮನಿದ್ದು, ಒಂದು ಸಾಲು ತಳ್ಳಿಸಿದರು. ಹುಲ್ಲು ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಎತ್ತರ, ಕೆಟ್ಟ ಹಜಾಮ ಕ್ಷೌರ ಮಾಡಿದ ಹಾಗೆ. ನನಗೆ ನಾಚಿಕೆಯಾಯಿತು. ಚಾಚಾ ಮಾತ್ರ ಬಾಯಿ ತುಂಬ ನಕ್ಕರು. "ಇರ್ಲಿ ಬಿಡ್ರಿ, ಅದು ನಿಮ್ಮ ಸಹಿ" ಎಂದರು. ಆ ಓರೆ ಸಾಲು ಮಾಯವಾಗಲು ಎರಡು ವಾರ ಹಿಡಿಯಿತು. ಅಪ್ಪ ಹೋದಮೇಲೆ ನಾನು ಜೋರಾಗಿ ನಕ್ಕದ್ದು ಅಂದೇ ಮೊದಲು.

ಅವರ ಹೆಂಡತಿ ನಾರಾಯಣಪುರದಲ್ಲೇ ತೀರಿಕೊಂಡಿದ್ದರು. ಶುಕ್ರವಾರ ನಮಾಜು ಮುಗಿಸಿ ಚಾಚಾ ಕಬರಸ್ತಾನಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ಒಬ್ಬಳೇ ಮಗಳು ಶಹಾಪುರದಲ್ಲಿದ್ದಳು. ಬಾ ಅಂತ ಕರೆಯುತ್ತಿದ್ದಳಂತೆ. "ಹೋಗಬಾರದೇನು?" ಎಂದು ಒಮ್ಮೆ ಕೇಳಿದ್ದೆ. "ಆಕಿ ಇಲ್ಲೇ ಅದಾಳ. ನಾ ಎಲ್ಲಿಗಿ ಹೋಗಲಿ?" ಎಂದರು.

ಅಷ್ಟು ವರ್ಷ ದುಡಿದರೂ ಅವರು ದಿನಗೂಲಿಯೇ. ಆ ವರ್ಷ ದಿನಗೂಲಿಯವರನ್ನು ಖಾಯಂ ಮಾಡುವ ಪಟ್ಟಿ ಮೇಲಿನ ಕಚೇರಿಗೆ ಹೋಗುವುದಿತ್ತು. ಟೈಪು ಮಾಡಿದವಳು ನಾನೇ. ಅವರ ಹೆಸರಿದೆ ಎಂದು ಹೇಳಿದಾಗ ಅವರು ನಂಬಲಿಲ್ಲ. ಚಾಚಾಗೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ಕಾರ್ಬನ್ ಪ್ರತಿ ತೋರಿಸಿ, ಹೆಸರಿನ ಮೇಲೆ ಬೆರಳಿಟ್ಟು "ಇದು ನೀವು" ಎಂದೆ. ಅವರು ಬಹಳ ಹೊತ್ತು ಆ ಅಕ್ಷರಗಳನ್ನು ನೋಡಿದರು...

ಬೇಸಿಗೆ ಬಂತು. ಮಂತ್ರಿಗಳು ಕಾಲುವೆ ನೋಡಲು ಬರುತ್ತಾರೆ ಎಂದು ಸುದ್ದಿ. ನಮ್ಮ ಸಾಹೇಬರು ಬಂಗಲೆಯ ವರಾಂಡದಲ್ಲೇ ಕೂತು ತಯಾರಿ ನೋಡುತ್ತಿದ್ದರು. ದಕ್ಷಿಣದ ಕಡೆಯವರು, ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತು. ನಾನು ಸಹಿಗೆ ಕಾಗದ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಸಾಹೇಬರು ಮಾಲಿಯನ್ನು ಕರೆದರು.

"ಹುಲ್ಲು ಕಾರ್ಪೆಟ್ ತರಹ ಕಾಣಬೇಕು. ಬ್ಲೇಡು ಪೂರ್ತಿ ಕೆಳಗೆ ಇಳಿಸು."

"ಸಾಹೇಬ್ರ, ಬಿಸಲು ಭಾಳ ಅದರಿ. ಎರಡು ಬೆರಳು ಬಿಡಬೇಕ್ರಿ. ಇಳಿಸಿದ್ರ ಸುಟ್ಟು ಹೋಗ್ತದ."

"ನನಗೆ ಹುಲ್ಲಿನ ಪಾಠ ಹೇಳಬೇಡ. ಹೇಳಿದಷ್ಟು ಮಾಡು."

ಚಾಚಾ ಯಂತ್ರವನ್ನು ಪರಸಿ ಕಲ್ಲಿನ ಮೇಲೆ ತಂದು ನಟ್ಟು ಬಿಚ್ಚಿದರು. ಉರುಳೆ ಮೇಲಕ್ಕೆ ಸರಿಯಿತು. ಬ್ಲೇಡಿನ ಅಡಿಯಲ್ಲಿ ಬೆರಳು ಹೋಗುವಷ್ಟು ಜಾಗವೂ ಉಳಿಯಲಿಲ್ಲ. ಆ ದಿನ ಅವರು ತಳ್ಳಿದ ಪ್ರತಿ ಸಾಲಿನಲ್ಲೂ ಹುಲ್ಲಿನ ಬಿಳಿ ಬುಡ ಕಾಣುತ್ತಿತ್ತು.

ಮಂತ್ರಿಗಳು ಅಂದುಕೊಂಡ ದಿನ ಬರಲಿಲ್ಲ. ಹದಿನೈದು ದಿನ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಪಂಪು ಕೆಟ್ಟು ನಾಲ್ಕು ದಿನ ನಲ್ಲಿಯಲ್ಲಿ ನೀರಿಲ್ಲ. ಚಾಚಾ ಕೊಡದಲ್ಲಿ ಹೊತ್ತು ತಂದು ಹಾಕಿದರು. ಅಷ್ಟು ಅಗಲದ ಅಂಗಳಕ್ಕೆ ಅದು ಎಲ್ಲಿಗೆ ಸಾಕು? ಮಂತ್ರಿಗಳು ಬಂದ ದಿನ ಅಂಗಳ ಒಣಗಿದ ಜೋಳದ ಕಣಕಿಯ ಬಣ್ಣಕ್ಕೆ ತಿರುಗಿತ್ತು. ಅವರು ಕಾರಿನಿಂದ ಇಳಿದು, "ಏನ್ರೀ, ಇಷ್ಟು ದೊಡ್ಡ ಡ್ಯಾಂ ಮಗ್ಗಲಿಗಿ ಅದ, ನಿಮ್ಮ ಹುಲ್ಲಿಗೇ ನೀರಿಲ್ಲಲ್ಲ?" ಎಂದು ನಕ್ಕರು. ಸುತ್ತ ನಿಂತವರೆಲ್ಲ ನಕ್ಕರು. ಸಾಹೇಬರ ಮುಖ ಕಪ್ಪಿಟ್ಟಿತು.

ಮರುದಿನ ನನ್ನ ಮೇಜಿಗೆ ಒಂದು ಕರಡು ಬಂತು. ಮಾಲಿ ಬೇಜವಾಬ್ದಾರಿಯಿಂದ, ತನ್ನ ಮನಸ್ಸಿಗೆ ಬಂದಂತೆ ಹುಲ್ಲನ್ನು ಅತಿಯಾಗಿ ಕತ್ತರಿಸಿ ಹಾಳುಮಾಡಿರುತ್ತಾನೆ, ಅವನನ್ನು ಕೆಲಸದಿಂದ ಏಕೆ ತೆಗೆಯಬಾರದು, ಏಳು ದಿನದಲ್ಲಿ ಉತ್ತರ ಕೊಡತಕ್ಕದ್ದು. ಮೂರು ಪ್ರತಿ. ನಾನು ಕಾರ್ಬನ್ ಇಟ್ಟು ಟೈಪು ಮಾಡಿದೆ. "ತನ್ನ ಮನಸ್ಸಿಗೆ ಬಂದಂತೆ" ಎಂಬಲ್ಲಿ ಕೈ ನಿಂತಿತು. ಮತ್ತೆ ನಡೆಯಿತು.

ಸಂಜೆ ಐದೂವರೆಗೆ ಚಾಚಾ ನನ್ನ ಬಾಗಿಲಿಗೆ ಬಂದರು. ಮೊದಲ ಸಲ ಬಂದದ್ದು. ಹೊಸ್ತಿಲ ಆಚೆಯೇ ನಿಂತು ಕಾಗದ ಚಾಚಿದರು. "ಓದಿ ಹೇಳ್ರಿ."

ಓದಿದೆ. ಅವರು ಕೇಳಿಸಿಕೊಂಡು, ಕಾಗದವನ್ನು ಕಣ್ಣಿನ ಸಮಕ್ಕೆ ಎತ್ತಿ ಹಿಡಿದರು. "ಈ ಒಂದು ಅಕ್ಷರ ಎಲ್ಲಾ ಕಡಿ ಸಾಲು ಬಿಟ್ಟು ಮ್ಯಾಲ ಕುಂತದ ನೋಡ್ರಿ" ಎಂದರು. ನನ್ನ ಟೈಪ್‌ರೈಟರಿನ 'ರ' ಯಾವಾಗಲೂ ಕೂದಲೆಳೆಯಷ್ಟು ಮೇಲೆ ಬೀಳುತ್ತಿತ್ತು. ಓದಲು ಬರುವ ಕಚೇರಿಯವರು ಯಾರೂ ಅದನ್ನು ಗಮನಿಸಿರಲಿಲ್ಲ. "ಆ ಪಟ್ಟ್ಯಾಗೂ ಹಿಂಗೇ ಇತ್ತು. ನಿಮ್ಮ ಮಿಷನ್ನೇ ಅಲ್ಲೇನು?"

ಸೆರಗಿನಿಂದ ಕಣ್ಣೊರೆಸಿಕೊಂಡೆ. "ಹೌದು ಚಾಚಾ."

"ನಿಮ್ಮ ಕೆಲಸ ನೀವು ಮಾಡೀರಿ. ಅದಕ್ಕ್ಯಾಕ ಅಳ್ತೀರಿ? ಒಂದು ಜವಾಬು ಬರದು ಕೊಡ್ರಿ."

ಹೊಸ್ತಿಲ ಈಚೆ ನಾನು, ಆಚೆ ಅವರು. ಕೂತು ಅವರ ಪರವಾಗಿ ಬರೆದೆ. ಸಾಹೇಬರೇ ಬ್ಲೇಡು ಇಳಿಸಲು ಹೇಳಿದರು, ಬೇಸಿಗೆಯಲ್ಲಿ ಹುಲ್ಲು ಸುಡುತ್ತದೆ ಎಂದು ನಾನು ಅರಿಕೆ ಮಾಡಿಕೊಂಡೆ, ಕೇಳಲಿಲ್ಲ. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ಈ ಮಾತು ನಡೆದಾಗ ಕಚೇರಿಯ ಟೈಪಿಸ್ಟ್ ಹಾಜರಿದ್ದರು, ಅವರನ್ನು ವಿಚಾರಿಸಬಹುದು. ಬರೆದದ್ದನ್ನೆಲ್ಲ ಓದಿ ಹೇಳಿದೆ.

"ಕಡೀ ಸಾಲು ಕಾಟು ಹೊಡೀರಿ" ಎಂದರು.

"ಅದಿಲ್ಲದಿದ್ದರ ಯಾರು ನಂಬ್ತಾರ ಚಾಚಾ?"

"ನಂಬಲಿಲ್ಲಂದ್ರ ಬಿಡ್ಲಿ. ನಿನ್ನ ನೌಕರಿ ಇನ್ನಾ ಖಾಯಂ ಆಗಿಲ್ಲ. ನಿನ್ನ ಹಿಂದ ಮೂರು ಜೀವ ಅದಾವ. ನನ್ನ ಹಿಂದ ಯಾರದಾರ? ಕಾಟು ಹೊಡಿ ಬೇಟಿ."

ಒಂದು ಸಲ ಬೇಡವೆಂದೆ. ಎರಡನೆಯ ಸಲ ಅನ್ನಲಿಲ್ಲ. ಗೆರೆ ಎಳೆದೆ, ಇನ್ನೊಂದು ಹಾಳೆಯಲ್ಲಿ ಆ ಸಾಲು ಬಿಟ್ಟು ಚೊಕ್ಕವಾಗಿ ಬರೆದೆ. ಆಗ ನನ್ನ ಎದೆಯೊಳಗೆ ಏನಾಯಿತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ದುಃಖ ಆಯಿತು, ನಿಜ. ಅದಕ್ಕೂ ಮೊದಲು ಸಮಾಧಾನ ಆಯಿತು.

ಉತ್ತರ ಯಾರೂ ಓದಿದಂತೆ ಕಾಣಲಿಲ್ಲ. ತಿಂಗಳೊಳಗೆ ಅವರನ್ನು ಕೆಲಸದಿಂದ ತೆಗೆದರು. ಬಂಗಲೆಯ ಹಿಂದಿನ ಕೋಣೆ ಬಿಡಬೇಕಾಯಿತು. ಮಗಳು ಬಂದು ಬೆಳಗಿನ ಬಸ್ಸಿಗೆ ಕರೆದುಕೊಂಡು ಹೋದಳು. ನಾನು ಕಚೇರಿಯ ಕಿಟಕಿಯಿಂದ ನೋಡಿದೆ. ಮಗಳ ಕೈಯಲ್ಲಿ ಹಾಸಿಗೆ ಸುತ್ತು, ಅವರ ಕೈಯಲ್ಲಿ ಒಂದು ಚೀಲ. ಬಸ್ ನಿಲ್ದಾಣದ ಕಡೆ ತಿರುಗುವ ಮೊದಲು ಇಬ್ಬರೂ ಕಬರಸ್ತಾನದ ದಾರಿ ಹಿಡಿದರು. ಎದ್ದು ಹೋಗಬಹುದಿತ್ತು... ಸಾಹೇಬರು ಒಳಗಿದ್ದರು.

ಬೇಸಿಗೆ ಮುಗಿದು ಮಿರಗದ ಮಳೆ ಎರಡು ಸಲ ಬಿದ್ದದ್ದೇ ಹುಲ್ಲು ಚಿಗುರಿತು. ಸತ್ತಿದೆ ಎಂದು ಎಲ್ಲರೂ ಅಂದುಕೊಂಡ ಅಂಗಳ ಹದಿನೈದೇ ದಿನಕ್ಕೆ ಹಸಿರಾಗಿ ನಿಂತಿತು. ಗರಿಕೆಯ ಬೇರು ಸತ್ತಿರಲೇ ಇಲ್ಲ. ಅದನ್ನು ನೋಡಿ ಸಾಹೇಬರು "ಪರವಾಗಿಲ್ಲವೇ" ಎಂದರು. ಹಾಗಾದರೆ ಮಾಲಿಯನ್ನು ವಾಪಸು ಕರೆಸಬಹುದಲ್ಲ ಸರ್ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರು ಸಹಿ ಮಾಡಿ ಕಾಗದ ವಾಪಸು ಕೊಟ್ಟರು. ತೆಗೆದುಕೊಂಡು ಬಂದೆ.

ಆಮೇಲೆ ನನ್ನ ನೌಕರಿ ಖಾಯಂ ಆಯಿತು. ತಂಗಿಯರ ಮದುವೆ ಆಯಿತು, ಅವ್ವ ತೀರಿಕೊಂಡಳು. ನನ್ನ ಮದುವೆಯ ಮಾತು ಬರುತ್ತಾ ಬರುತ್ತಾ ನಿಂತುಹೋಯಿತು. ಯಾದಗಿರಿಗೆ ವರ್ಗವಾಗಿ ಇಲ್ಲೇ ನೆಲೆಸಿದೆ. ಸುರಪುರಕ್ಕೆ ಹೋಗುವಾಗಲೂ ಬರುವಾಗಲೂ ಬಸ್ಸು ಶಹಾಪುರದಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಎಷ್ಟು ನೂರು ಸಲ ನಿಂತಿತೋ. ನಾನು ಒಮ್ಮೆಯೂ ಇಳಿಯಲಿಲ್ಲ.

ಹೋದ ತಿಂಗಳು ಆ ವಾಸನೆ ಬಂದ ಮರುದಿನ ಇಳಿದೆ. ನಿವೃತ್ತಿಯಾಗಿ ಆರು ತಿಂಗಳಾಗಿತ್ತು, ಹೆದರಲು ಏನೂ ಉಳಿದಿರಲಿಲ್ಲ. "ಡ್ಯಾಂನಾಗ ಮಾಲಿ ಇದ್ದರಲ್ಲ, ಅವರ ಮಗಳ ಮನಿ" ಎಂದು ಕೇಳುತ್ತಾ ಕೇಳುತ್ತಾ ನಾಲ್ಕು ಓಣಿ ತಿರುಗಿದಮೇಲೆ ಒಂದು ಬಾಗಿಲು ಸಿಕ್ಕಿತು. ತೆರೆದವಳು ಮಗಳೇ. ಅವಳ ತಲೆಯೂ ಬೆಳ್ಳಗಾಗಿತ್ತು. ನಾನು ಯಾರೆಂದು ಹೇಳಿದೆ. ಅವಳು ಒಳಗೆ ಕರೆದು ಚಾಪೆ ಹಾಸಿದಳು.

ಚಾಚಾ ಇಲ್ಲಿಗೆ ಬಂದಮೇಲೆ ಒಂಬತ್ತು ವರ್ಷ ಬದುಕಿದ್ದರಂತೆ.

"ನಾರಾಯಣಪುರದಿಂದ ಯಾರರೆ ಬಂದ್ರ ಅಬ್ಬಾ ಒಂದೇ ಮಾತು ಕೇಳ್ತಿದ್ರು" ಎಂದಳು. "ಟೈಪಿನ ಬಾಯೀರ ನೌಕರಿ ಖಾಯಂ ಆತೇನಂತ. ಯಾರಿಗೂ ಗೊತ್ತಿರ್ತಿರಲಿಲ್ಲ. ಆತೇನ್ರಿ?"

"ಆತು" ಎಂದೆ. "ಅವರು ಹೇಳಿದಾಗ ನಾನು ಆ ಸಾಲು ಕಾಟು ಹೊಡೀಬಾರದಿತ್ತು."

"ಗೊತ್ತದರಿ. ಎಲ್ಲಾ ಹೇಳಿದ್ರು. ನನಗ ನಿಮ್ಮ ಮ್ಯಾಲ ಭಾಳ ಸಿಟ್ಟಿತ್ತು. ಅಬ್ಬಾಗ ಇರಲಿಲ್ಲ." ಅವಳು ಚಹಾದ ಬಟ್ಟಲನ್ನು ನನ್ನ ಕಡೆ ಸರಿಸಿದಳು. "ಒಂದೇ ಒಂದು ಸಂಕಟ ಇತ್ತರಿ ಅವರಿಗಿ. ಅಮ್ಮಾ ಅಲ್ಲಿ ಉಳಿದಳು. ಕಡೀಕ ಕಾಲು ನಡೀಲಿಲ್ಲ, ಬಸ್ ಹತ್ತಾಕ ಆಗಲಿಲ್ಲ. ಈಗ ಅಮ್ಮಾ ನಾರಾಯಣಪುರದಾಗ, ಅಬ್ಬಾ ಇಲ್ಲಿ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಚಹಾ ಕುಡಿದೆ. ಹೊರಡುವಾಗ ಅವಳು ಬಾಗಿಲವರೆಗೆ ಬಂದು, "ಮತ್ತ ಬರ್ರಿ" ಎಂದಳು. ವಾಡಿಕೆಯ ಮಾತೋ, ನಿಜವಾಗಿ ಕರೆದದ್ದೋ, ತಿಳಿಯಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಯಾದಗಿರಿಗೆ ಬಂದು ಬೀಗ ತೆಗೆದೆ. ಹೋಗಿ ಬಂದೆ, ಹೀಗೆ ಹೀಗೆ ಆಯಿತು ಎಂದು ಹೇಳಲು ಮನೆಯಲ್ಲಿ ಯಾರೂ ಇಲ್ಲ. ಕ್ಷಮಿಸು ಎಂದು ಕೇಳಬೇಕಾದವರೂ ಇಲ್ಲ... ಬಹಳ ದಿನ ಮೇಜಿನ ಮುಂದೆ ಕೂತು ಎದ್ದು, ಕೊನೆಗೆ ಇಷ್ಟು ಬರೆದೆ. ಬ್ಲೇಡು ಇಳಿಸು ಎಂದು ಸಾಹೇಬರು ಹೇಳಿದಾಗ ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ನನ್ನ ಕಿವಿಯಾರೆ ಕೇಳಿದ್ದೆ.