ಅಜ್ರಾಳ ಮಿಂಚುಪಟ್ಟಿ

ಅಮೆರಿಕದ ನೆವಾರ್ಕಿನ ಆ ಪ್ರಾಥಮಿಕ ಶಾಲೆಯ ಮುಂದೆ ನಾಲ್ಕು ರಸ್ತೆ ಕೂಡುವಲ್ಲಿ ಬೆಳಗ್ಗೆ, ಮಧ್ಯಾಹ್ನ ಅಜ್ರಾಳದೇ ದರಬಾರು. ಹಳದಿ ಜಾಕೀಟು ತೊಟ್ಟು, ತಲೆಗೆ ಸ್ಕಾರ್ಫು ಬಿಗಿದು, ಕೆಂಪು ಸ್ಟಾಪ್ ಫಲಕ ಎತ್ತಿ ನಡುರಸ್ತೆಯಲ್ಲಿ ನಿಂತಳೆಂದರೆ ಎಂಥಾ ದುಬಾರಿ ಕಾರಿನವನೂ ಬಾಲ ಮುದುರಿಕೊಂಡು ನಿಲ್ಲಬೇಕು. ಗದಗ ಕಡೆಯ ನದಾಫರ ಮನೆಯ ಮಗಳು ಅವಳು. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಎಂಜಿನಿಯರ್ ಗಂಡ ಇನಾಯತುಲ್ಲಾನ ಜೊತೆ ಈ ಊರಿಗೆ ಬಂದು, ಮನೆಯಲ್ಲಿ ಕೂತು ಕೂತು ಬೇಸತ್ತು, ಮಕ್ಕಳನ್ನು ರಸ್ತೆ ದಾಟಿಸುವ ಈ ಕೆಲಸ ಹಿಡಿದಳು. ಮಗಳು ಮೆಹ್ರೀನ್ ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು.

ಅಜ್ರಾ ಹೆದರುತ್ತಿದ್ದುದು ವರ್ಷದಲ್ಲಿ ಒಂದೇ ಒಂದು ಸಂಜೆಗೆ, ಹ್ಯಾಲೋವೀನಿಗೆ. ದೆವ್ವಗಳಿಗಲ್ಲ, ಕಾರುಗಳಿಗೆ. ಊರಿನ ಮಕ್ಕಳೆಲ್ಲ ವೇಷ ಕಟ್ಟಿ ಕತ್ತಲಲ್ಲಿ ಮನೆಮನೆಗೆ ಮಿಠಾಯಿ ಬೇಡಲು ಹೊರಡುವ ಹೊತ್ತು ಅದು. ಹೋದ ವರ್ಷ ಕರೀ ಬಟ್ಟೆ ತೊಟ್ಟ ಹುಡುಗನೊಬ್ಬ ಕಾರಿನ ಕೆಳಗೆ ಸಿಕ್ಕುವುದು ಕೂದಲೆಳೆಯಲ್ಲಿ ತಪ್ಪಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದಕ್ಕೇ ಈ ಸಲ ಬೆಳಕು ಬಿದ್ದರೆ ಹೊಳೆಯುವ ರಿಬ್ಬನ್ನಿನ ದೊಡ್ಡ ಸುರುಳಿ ತರಿಸಿ, ತುಂಡು ತುಂಡಾಗಿ ಕತ್ತರಿಸಿ, ತುದಿ ಹೊಲಿದು ಇಟ್ಟುಕೊಂಡಳು. ಅದಕ್ಕೆ ಮಿಂಚುಪಟ್ಟಿ ಎಂದು ಅವಳೇ ಹೆಸರಿಟ್ಟಳು. ಗಾದಿ ಹೊಲಿಯುವವನ ಮಗಳ ಕೈ, ಹೊಲಿಗೆ ಬಿಗಿಯಾಗಿಯೇ ಇತ್ತು.

"ಮನೀಗೆ ಮಾರಿ, ಊರಿಗೆ ಉಪಕಾರಿ," ಎಂದು ಇನಾಯತುಲ್ಲಾ ಛೇಡಿಸಿದ. "ನಮ್ಮದಲ್ಲದ ಹಬ್ಬಕ್ಕ ಇಷ್ಟೆಲ್ಲಾ ಯಾಕ?"

ಹ್ಯಾಲೋವೀನು ಅವರ ಮನೆಯೊಳಗೆ ಕಾಲಿಡುವ ಹಾಗಿರಲಿಲ್ಲ. ಶೈತಾನನ ಆಟ ಎಂದು ಇನಾಯತುಲ್ಲಾನ ತೀರ್ಮಾನ. ಆ ಸಂಜೆ ವರಾಂಡದ ದೀಪ ಆರಿಸುವುದು, ಪರದೆ ಎಳೆಯುವುದು, ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಕೂರುವುದು. ದೀಪವಿಲ್ಲದ ಬಾಗಿಲನ್ನು ಯಾವ ಮಗುವೂ ತಟ್ಟುವುದಿಲ್ಲ, ಅದು ಇಲ್ಲಿಯ ಕಟ್ಟಳೆ.

ಮೆಹ್ರೀನ್ ಸುಮ್ಮನಿರುವ ಪೈಕಿಯಲ್ಲ. ಬಹಳ ಹಿಂದೆ ಈ ದಿನ ಸತ್ತವರು ತಿರುಗಿ ಬರುತ್ತಾರೆಂದು ಜನ ನಂಬಿದ್ದರಂತೆ, ದೆವ್ವಕ್ಕೆ ತಮ್ಮ ಗುರುತು ಸಿಗಬಾರದೆಂದು ಮುಖವಾಡ ಹಾಕುತ್ತಿದ್ದರಂತೆ ಎಂದು ಶಾಲೆಯಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಿದಳು. ಸತ್ತವರಿಗೆಂದು ನಾವೂ ಶಬೇ ಬರಾತಿನ ರಾತ್ರಿ ಗೋರಿಯ ಮೇಲೆ ದೀಪ ಇಡುತ್ತೇವಲ್ಲ ಎಂದು ಅಜ್ರಾಳಿಗೆ ಅನ್ನಿಸಿತು. ಹುಡುಗಿ ಕೊನೆಯ ಬಾಣ ಬಿಟ್ಟಳು: "ಬಟ್ ಅಮ್ಮಿ, ಯೂ ಡಿಡ್ ಇಟ್ ಟೂ!"

ಅದು ಸುಳ್ಳಲ್ಲ. ಮೊಹರಮ್ಮಿನಲ್ಲಿ ಹರಕೆ ಹೊತ್ತ ಮಕ್ಕಳು ಕೊರಳಿಗೆ ಕೆಂಪು ಲಾಡಿ ಕಟ್ಟಿಕೊಂಡು ಫಕೀರರಾಗುವುದು ಅಜ್ರಾಳ ಹಳ್ಳಿಯ ಪದ್ಧತಿ. ಅವಳೂ ಜೋಳಿಗೆ ಹಿಡಿದು, ಲಿಂಗಾಯತರ ಓಣಿ, ಕುರುಬರ ಓಣಿ ಎನ್ನದೆ ಜೋಳ ಬೇಡಿ ತಂದವಳು. ಆ ಕಥೆಯನ್ನು ಮಗಳಿಗೆ ರಸವತ್ತಾಗಿ ಹೇಳಿದವಳೂ ಅವಳೇ.

"ಅದು ಹರಕಿ. ಇದು ಹುಚ್ಚಾಟ," ಎಂದು ಇನಾಯತುಲ್ಲಾ ಮಾತು ಮುಗಿಸಿದ. ಅಜ್ರಾ ಗಂಡನ ಕಡೆಗೇ ನಿಂತಳು. ಜಗಳ ಬೇಡವಾಗಿತ್ತು, ಅಷ್ಟೇ.

ಹಬ್ಬದ ದಿನ ಬೆಳಗ್ಗೆ ರಸ್ತೆ ದಾಟಿದ ಮಗು ಮಗುವಿಗೂ ಪಟ್ಟಿ ಕಟ್ಟಿ, ಉಪದೇಶ ಮಾಡಿ ಕಳಿಸಿದಳು. ಮುಖವಾಡ ಕಣ್ಣಿಗೆ ಅಡ್ಡ ಬರಬಾರದು, ಕರೀ ಬಟ್ಟೆ ಕತ್ತಲಲ್ಲಿ ಕಾಣುವುದಿಲ್ಲ, ಉದ್ದನೆಯ ಬಟ್ಟೆ ಕಾಲಿಗೆ ತೊಡರುತ್ತದೆ, ಒಬ್ಬರೇ ಹೋಗಬೇಡಿ, ಮನೆಯವರು ನೋಡುವ ಮುಂಚೆ ಮಿಠಾಯಿ ಬಾಯಿಗಿಡಬೇಡಿ. ಪಕ್ಕದ ಮನೆಯ ರಂಜನಿಯ ಮಗ ಅಭಿರಾಮನಿಗೆ ಎರಡೂ ತೋಳಿಗೆ ಕಟ್ಟಿದಳು. ಕೊನೆಗೆ ಮೆಹ್ರೀನ್ ಕೈ ಚಾಚಿದಳು.

"ನಿನಗ್ಯಾಕ ಬೇಕದು?" ಎಂದು ಅಜ್ರಾ ನಕ್ಕಳು. "ನಾವೇನ್ ಮನಿ ಮನಿ ತಿರಗ್ತೀವೇನು?"

ಹುಡುಗಿ ಚಾಚಿದ ಕೈಯನ್ನು ಜೇಬಿಗೆ ಸೇರಿಸಿಕೊಂಡು ಶಾಲೆಯೊಳಗೆ ಹೋದಳು. ಅಷ್ಟು ಚಿಕ್ಕ ಮಾತು, ಅಜ್ರಾಳಿಗೆ ಆಗಲೇ ಮರೆತೂ ಹೋಯಿತು.

ಸಂಜೆ ದೀಪ ಆರಿಸಿ ಗಂಡಹೆಂಡತಿ ಮಗ್ರಿಬ್ ನಮಾಜಿಗೆ ನಿಂತರು. ಹೋಮ್‌ವರ್ಕು ಇದೆಯೆಂದು ಮೆಹ್ರೀನ್ ಕೋಣೆ ಸೇರಿದ್ದಳು. ನಮಾಜು ಮುಗಿಸಿ ಅಜ್ರಾ ಹೋಗಿ ನೋಡಿದರೆ ಕೋಣೆ ಖಾಲಿ, ದಿಂಬಿಗೆ ಚೀಲವಿಲ್ಲ, ಗ್ಯಾರೇಜಿನ ಬಾಗಿಲು ತೆರೆದಿದೆ. ತನ್ನ ಕಪಾಟಿನಲ್ಲಿ, ಮದುವೆಯಾದಾಗ ತವರಿನಿಂದ ತಂದು ಮಡಿಸಿಟ್ಟಿದ್ದ ಕರೀ ಬುರ್ಖಾ ಇರಲಿಲ್ಲ.

ಕರೀ ಬಟ್ಟೆ. ಪಾದಕ್ಕಿಂತ ಉದ್ದ. ಒಬ್ಬಳೇ. ಬೆಳಗ್ಗೆ ಊರಿಗೆಲ್ಲ ಬೇಡವೆಂದು ಹೇಳಿದ್ದನ್ನೆಲ್ಲ ತನ್ನ ಮಗುವೇ ಮೈಮೇಲೆ ಹೊದ್ದುಕೊಂಡು ಹೋಗಿದೆ. ಬೆಳಗ್ಗೆ ಚಾಚಿದ್ದ ಆ ಕೈ ಈಗ ನೆನಪಾಯಿತು.

ರಂಜನಿಗೆ ಫೋನು ಮಾಡಿದಳು. "ಇಲ್ವಲ್ಲಾ ಅಜ್ರಾ, ನಮ್ ಗ್ರೂಪಲ್ಲಿ ಅವ್ಳಿಲ್ಲ. ನೀವು ಕಳಿಸಲ್ಲ ಅಂತ ನಾನು ಕೇಳೂ ಇಲ್ಲ!"

ಬಾಗಿಲ ಬಳಿ ನೇತುಹಾಕಿದ್ದ ಹಳದಿ ಜಾಕೀಟು ಸಿಕ್ಕಿಸಿಕೊಂಡು ಓಡಿದಳು. ಇನಾಯತುಲ್ಲಾ ಬರಿಗಾಲಿನಲ್ಲಿ ಇನ್ನೊಂದು ದಿಕ್ಕಿಗೆ ಓಡಿದ.

ರಸ್ತೆ ತುಂಬ ಮಕ್ಕಳು. ಕಾರಿನ ಬೆಳಕು ಬಿದ್ದಾಗೆಲ್ಲ ತೋಳುಗಳು, ಬೆನ್ನುಗಳು ಫಳಫಳ ಹೊಳೆಯುತ್ತಿದ್ದವು. ಎಲ್ಲ ಅವಳದೇ ಕೈಹೊಲಿಗೆ. ಹೊಳೆದ ಕಡೆಗೆಲ್ಲ ಓಡುತ್ತಿದ್ದವಳಿಗೆ ತಟ್ಟನೆ ಅರಿವಾಯಿತು: ಹೊಳೆಯುವಲ್ಲಿ ಹುಡುಕಿ ಫಲವಿಲ್ಲ, ಏನೂ ಹೊಳೆಯದ ಕಡೆ ನೋಡಬೇಕು. ಯಾ ಅಲ್ಲಾ, ಎಂದು ಬಾಯಿಬಿಟ್ಟು ಅತ್ತಳು.

ತಿರುವಿನಾಚೆ, ದೀಪ ಉರಿಯುತ್ತಿದ್ದ ಮನೆಯೊಂದರ ಎದುರು, ರಸ್ತೆಯ ನಡುವೆ ಕತ್ತಲ ಮುದ್ದೆಯೊಂದು ಅಲುಗಿತು. ಬುರ್ಖಾದ ಅಂಚು ತುಳಿದು ಮುಗ್ಗರಿಸಿ ಬಿದ್ದ ಮೆಹ್ರೀನ್ ಏಳಲು ಒದ್ದಾಡುತ್ತಿದ್ದಳು. ಆಚೆಯಿಂದ ಕಾರೊಂದು ಬರುತ್ತಿತ್ತು. ಅಜ್ರಾ ಯೋಚಿಸಲಿಲ್ಲ. ಫಲಕವಿಲ್ಲದ ಬರಿಗೈ ಎತ್ತಿ ಕಾರಿನೆದುರು ನುಗ್ಗಿದಳು. ಬ್ರೇಕು ಕಿರುಚಿತು. ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ಕಾರು ನಿಂತಿತು.

ಕಾರಿನವನು ಬಾಗಿಲು ತೆರೆದಿಟ್ಟೇ ಇಳಿದು ಬಂದ. ಹಿಂದಿನ ಸೀಟಿನಲ್ಲಿ ಅವನವೇ ಮಕ್ಕಳು. ಮಗು ನನಗೆ ಕಾಣಲೇ ಇಲ್ಲ, ನಿನ್ನ ಜಾಕೀಟು ಕಂಡು ನಿಲ್ಲಿಸಿದೆ ಎಂದು ಅದನ್ನೇ ಮತ್ತೆ ಮತ್ತೆ ಹೇಳಿದ.

ಅಜ್ರಾ ಮಗಳನ್ನು ಬಾಚಿಕೊಂಡಳು. ಮೊಣಕಾಲು ತರಚಿ ರಕ್ತ ಬಂದಿತ್ತು, ದಿಂಬಿನ ಚೀಲದ ಮಿಠಾಯಿ ರಸ್ತೆಪಾಲಾಗಿತ್ತು. ಹೊಡೆಯಲು ಎತ್ತಿದ ಕೈ ತಾನಾಗಿಯೇ ಇಳಿಯಿತು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಬಿಕ್ಕುತ್ತಾ ಕನ್ನಡದಲ್ಲೇ ಹೇಳಿದಳು: "ನಾನು ಕೇಳಿದ್ದೆ. ಎಲ್ಲಾರಿಗೂ ಕೊಟ್ಟಿ. ನನಗ ಕೊಡಲಿಲ್ಲ."

ಅಜ್ರಾ ಅವಳನ್ನು ಎತ್ತಿಕೊಂಡು ಮನೆಯತ್ತ ನಡೆದಳು.

ಮನೆಗೆ ಬಂದರೆ ವರಾಂಡದ ದೀಪ ಉರಿಯುತ್ತಿತ್ತು. ಮಗಳು ತಾನಾಗಿ ಬಂದರೆ ಮನೆ ಕಾಣಲೆಂದು ಇನಾಯತುಲ್ಲಾ ತಿರುಗಿ ಬಂದು ಹಾಕಿದ್ದ. ದೀಪ ಕಂಡ ಪುಟ್ಟ ದೆವ್ವಗಳು ಬಾಗಿಲಿಗೆ ಮುತ್ತಿದ್ದವು. ಕಂಗಾಲಾದ ಮನುಷ್ಯ ಖರ್ಜೂರದ ಪೊಟ್ಟಣಗಳನ್ನು ಹಂಚುತ್ತಾ, ಅವುಗಳ ತಲೆಯ ಮೇಲಿಂದ ರಸ್ತೆಯತ್ತಲೇ ಕಣ್ಣು ನೆಟ್ಟಿದ್ದ. ಮಗಳನ್ನು ಕಂಡವನೇ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಮೊನ್ನೆ ತಾನಾಡಿದ ಗಾದೆಯನ್ನು ಅವನು ನೆನಪಿಸಲಿಲ್ಲ. ಅಜ್ರಾಳಿಗೇ ಅದು ನೆನಪಾಗಿತ್ತು: ಮನೀಗೆ ಮಾರಿ, ಊರಿಗೆ ಉಪಕಾರಿ.

ಮರುದಿನ ಬೆಳಗ್ಗೆ ಅಜ್ರಾ ಎಂದಿನಂತೆ ಕೂಡುರಸ್ತೆಯಲ್ಲಿ ನಿಂತಳು. ಮೊಣಕಾಲಿನ ಗಾಯಕ್ಕೆ ಪಟ್ಟಿ ಹಾಕಿಕೊಂಡ ಮೆಹ್ರೀನ್ ಬಂದಳು. ಸುರುಳಿಯಲ್ಲಿ ಉಳಿದಿದ್ದ ಅಷ್ಟನ್ನೂ ಕತ್ತರಿಸಿ, ಅಂಚಿಗೆ ಮಗಳ ಹೆಸರು ಹೊಲಿದು ತಂದಿದ್ದ ಮಿಂಚುಪಟ್ಟಿಯನ್ನು ಅಜ್ರಾ ಮುಂದೆ ಹಿಡಿದಳು.

"ಹ್ಯಾಲೋವೀನ್ ಈಸ್ ಓವರ್, ಅಮ್ಮಿ," ಎಂದಳು ಹುಡುಗಿ.

ಅಜ್ರಾ ಪಟ್ಟಿಯನ್ನು ಜೇಬಿಗಿಟ್ಟು ಫಲಕ ಎತ್ತಿದಳು. ಕಾರುಗಳು ನಿಂತವು. ಅಮ್ಮ ಕಲಿಸಿದ ಹಾಗೆ ಮೆಹ್ರೀನ್ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಅಮ್ಮನ ಕಡೆಗೆ ಮಾತ್ರ ನೋಡದೆ ರಸ್ತೆ ದಾಟಿದಳು.