ಮೇಡಂ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು

ಕಳೆದ ವಾರ ಶಾಸಕಿಯೊಬ್ಬರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ನನಗೀಗ ನಲವತ್ತಾರು!

ಅವರು ಪೀಳಮೇಡಿನ ಕಾಲೇಜಿನಲ್ಲಿ ನನಗೆ ಕಾಮರ್ಸ್ ಕಲಿಸಿದ ಮೇಡಂ. (ಹೆಸರು ಬೇಡ. ಪಕ್ಷವಂತೂ ಬೇಡವೇ ಬೇಡ.) ನೇಕಾರರ ಮನೆಯ ಮಗಳು, ತಮಿಳು ಸೀಮೆಯಲ್ಲಿದ್ದರೂ ಮನೆಮಾತು ಕನ್ನಡ. ಮೊದಲು ತಿರುಪ್ಪೂರಿನ ಫೈನಾನ್ಸ್ ಕಂಪನಿಯೊಂದರಲ್ಲಿ ಆಫೀಸರ್. ಜನ ಓದದೇ ಸಹಿ ಹಾಕುವುದನ್ನು ನೋಡಿ ನೋಡಿ ಬೇಸತ್ತು ಪಾಠ ಮಾಡಲು ಬಂದರಂತೆ. ಆಮೇಲೆ ಎಲೆಕ್ಷನ್. ಮೊದಲ ಸಲ ಸೋತರು. ಮರುದಿನ ಕ್ಲಾಸಿಗೆ ಬಂದು, ನಾವು 'ಅಯ್ಯೋ ಪಾಪ' ಎನ್ನುವ ಮೊದಲೇ ಬೋರ್ಡ್ ಒರೆಸಿದರು. ಎರಡನೇ ಸಲ ಗೆದ್ದರು.

ಹಾಸನದಿಂದ ಓದಲು ಬಂದು ಇಲ್ಲೇ ಉಳಿದುಬಿಟ್ಟವನು ನಾನು. ಕುನ್ನತ್ತೂರಿನ ಹತ್ತಿರ ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ ಕಾರ್ಯಕ್ರಮವಿದೆ, ಬಾ ಎಂದು ಮೇಡಂ ಕರೆದರು. ಹೋದೆ. ಶಾಮಿಯಾನ, ಮೈಕು, ಮೇಡಂ ಮುಖವಿದ್ದ ದೊಡ್ಡ ಬ್ಯಾನರ್. ಅವರದೇ ಪಕ್ಷದ ಊರ ಮುಖಂಡರು ಹೆಂಗಸರಿಗೆಲ್ಲ ಉಚಿತ ಮಗ್ಗ ಕೊಡಿಸುತ್ತಿದ್ದರು. ಮೇಡಂ ಫಾರಂ ಹಂಚಬೇಕು, ಫೋಟೋಗೆ ನಗಬೇಕು. ಅಷ್ಟೇ ಕೆಲಸ.

ಮೇಡಂ ಫಾರಂ ಓದತೊಡಗಿದರು. (ವೇದಿಕೆ ಮೇಲೆ ಫಾರಂ ಓದುವ ಶಾಸಕರನ್ನು ನೀವು ನೋಡಿದ್ದೀರಾ?) ಕೊನೆಯ ಪುಟದ ಸಣ್ಣಕ್ಷರಕ್ಕೆ ಬಂದಾಗ ಅವರ ನಗು ಹೋಯಿತು. ಮಗ್ಗ ಉಚಿತ, ನಿಜ. ಆದರೆ ಹತ್ತು ವರ್ಷ ನೇಯ್ದ ಸೀರೆಯನ್ನೆಲ್ಲ ಒಬ್ಬನೇ ವ್ಯಾಪಾರಿಗೆ, ಅವನು ಹೇಳಿದ ರೇಟಿಗೆ ಕೊಡಬೇಕು. ಆ ವ್ಯಾಪಾರಿ ಮುಖಂಡರ ಭಾವಮೈದುನ.

ಮೇಡಂ ಮೈಕಿನಲ್ಲಿ ಇದನ್ನು ಹೇಳತೊಡಗಿದ್ದೇ ತಡ, ಕರೆಂಟ್ ಹೋಯಿತು. ಮೈಕಿಗೆ ಮಾತ್ರ. ಫ್ಯಾನ್ ತಿರುಗುತ್ತಲೇ ಇತ್ತು.

ಅವರೇನು ಬಿಡುವವರೇ? ಬ್ಯಾನರ್ ಬಿಚ್ಚಿಸಿ, ತಮ್ಮ ಮುಖವನ್ನೇ ಗೋಡೆಗೆ ತಿರುಗಿಸಿ, ಹಿಂಬದಿಯ ಬಿಳಿಯ ಮೇಲೆ ಮಾರ್ಕರ್‌ನಿಂದ ಬರೆಯತೊಡಗಿದರು. ಮೂರು ಊರಲ್ಲಿ ಭಾಷಣ ಮಾಡಿ ಗಂಟಲು ಕಟ್ಟಿತ್ತು. ನನ್ನತ್ತ ತಿರುಗಿ, "ಕ್ಲಾಸಲ್ಲಿ ನಿನ್ನ ಬಾಯಿ ಸುಮ್ನಿದ್ದಿದ್ದೇ ಇಲ್ಲ. ಬೆಂಚ್ ಹತ್ತಿ ಹೇಳು, ಮನೇಲಿ ಮಾತಾಡೋ ಕನ್ನಡದಲ್ಲಿ" ಎಂದರು.

ಹತ್ತಿದೆ. ಅವರು ಪಿಸುಗುಟ್ಟಿದ್ದನ್ನೆಲ್ಲ ನಾನು ಕೂಗಿದೆ. ನನ್ನ ಹಾಸನದ ಕನ್ನಡ ಕೇಳಿ ಹೆಂಗಸರು ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿದರು. ಮುಂದೆ ಕೂತಿದ್ದ ಎಪ್ಪತ್ತರ ರಾಮಕ್ಕ ಎದ್ದು ನಿಂತರು.

"ಹಂಗಂದ್ರೆ ಮಗ್ಗ ನಮ್ದು, ಸೀರೆ ಅವ್ರುದ್ದಾ ಟೀಚರಮ್ಮಾ?"

"ಅಷ್ಟೇ ಅಕ್ಕಾ" ಎಂದರು ಮೇಡಂ.

"ಹಂಗಾದ್ರೆ ಕೈಯೆಳುತ್ತು ಹಾಕಲ್ಲ." (ಸಹಿಗೆ ಇಲ್ಲಿ ಹಾಗೇ ಅನ್ನುತ್ತಾರೆ.)

ರಾಮಕ್ಕ ಫಾರಂ ಮಡಚಿ ಅದರಲ್ಲೇ ಗಾಳಿ ಹಾಕಿಕೊಳ್ಳತೊಡಗಿದರು. ಎರಡೇ ನಿಮಿಷದಲ್ಲಿ ಶಾಮಿಯಾನದ ತುಂಬ ಫಾರಂಗಳು ಬೀಸಣಿಗೆಗಳಾದವು. ನಾನಂತೂ ಬೆಂಚಿನ ಮೇಲೇ ಕುಣಿಯುವುದೊಂದು ಬಾಕಿ.

ಮುಖಂಡರು ಹತ್ತಿರ ಬಂದು ತಣ್ಣಗೆ, ಮುಂದಿನ ಸಲ ಟಿಕೆಟ್ ಮರೆತುಬಿಡಿ ಎಂದರು. ಮೇಡಂ ಮಾರ್ಕರಿನ ಮುಚ್ಚಳ ಹುಡುಕುತ್ತಿದ್ದರು. ಕಾರಿನ ಬಳಿ ನಾನು ಹೆದರಿ ಹೆದರಿ ಕೇಳಿದೆ. ನಿಜವಾಗಿಯೂ ಟಿಕೆಟ್ ಕೊಡದಿದ್ದರೆ?

"ಫಾರಂ ಓದೋಕೆ ಕಲಿಸಿ ಅಂತ ಈ ಬೀದೀಲೇ ಹನ್ನೊಂದು ಜನ ಹೆಸರು ಕೊಟ್ಟಿದ್ದಾರೆ" ಎಂದರು, ಲಾಟರಿ ಹೊಡೆದವರ ಹಾಗೆ ನಗುತ್ತ.

ಕುರ್ಚಿ ಹೋದರೆ ಮಾಡಲು ಬೇರೆ ಕೆಲಸ ಗೊತ್ತಿರುವ ಶಾಸಕರು ನಿಮ್ಮ ಕಡೆ ಎಷ್ಟು ಮಂದಿ ಇದ್ದಾರೆ?